ಮುಟ್ಟಿನ ಲೆಕ್ಕವನ್ನು ಹಿಂದಿನಿಂದ ಎಣಿಸಬೇಕಂತೆ, ನನಗೆ ಇದು ಎರಡು ವರ್ಷ ತಡವಾಗಿ ಗೊತ್ತಾಯಿತು

ಸಂಪಿಗೆಮರ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ. ದಯವಿಟ್ಟು ಪೂರ್ತಿ ಓದಿ.

ನಮ್ಮದು ಶಿರಸಿ ಕಡೆ. ಮನೆಯವರಿಗೆ ಬೆಂಗಳೂರಿನಲ್ಲಿ ಕೆಲಸ. ಅತ್ತೆ ಮಾವನನ್ನು ನೋಡಿಕೊಳ್ಳಲು ನಾನು ಊರಲ್ಲೇ ಇದ್ದೇನೆ. ಎರಡು ವರ್ಷದಿಂದ ಮಗು ಬೇಕು ಅಂತ ಪ್ರಯತ್ನ ಮಾಡುತ್ತಿದ್ದೇವೆ. ಇವರು ಪ್ರತಿ ತಿಂಗಳೂ ರಜೆ ಹಾಕಿ ಬರುತ್ತಿದ್ದರು. ಯಾವಾಗ ಅಂದರೆ, ನನ್ನ ಮುಟ್ಟಿನ 12, 13, 14ನೇ ದಿನಕ್ಕೆ ಸರಿಯಾಗಿ. 14ನೇ ದಿನ ಅಂಡ ಹೊರಗೆ ಬರುತ್ತದೆ ಅಂತ ಶಾಲೆಯಲ್ಲಿ ಓದಿದ್ದೆವಲ್ಲ, ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆವು. ಅಕ್ಕ, ನಾದಿನಿ, ಫೋನಿನ ಆ್ಯಪ್, ಎಲ್ಲರೂ ಹೇಳಿದ್ದು ಅದೇ ದಿನ.

ಆದರೆ ನನಗೆ ಮುಟ್ಟಾಗುವುದು 35 ದಿನಕ್ಕೊಮ್ಮೆ. ಹದಿನಾರನೇ ವಯಸ್ಸಿನಿಂದಲೂ ಹಾಗೇ. ಒಂದೆರಡು ದಿನ ಹಿಂದೆ ಮುಂದೆ, ಅಷ್ಟೇ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಚುಕ್ಕಿ ಇಡುವ ಅಭ್ಯಾಸ ಅಮ್ಮನಿಂದ ಬಂದಿದೆ. ಹಾಗಾಗಿ ಲೆಕ್ಕ ಪಕ್ಕಾ ಇದೆ.

ಹೋದ ವರ್ಷ ಒಂದು ಕ್ಲಿನಿಕ್ಕಿಗೆ ಹೋದೆವು. 21ನೇ ದಿನ ರಕ್ತ ಕೊಡಿ ಅಂದರು. ಅಂಡ ಬಂದ ಮೇಲೆ ಏರುವ ಹಾರ್ಮೋನ್, ಪ್ರೊಜೆಸ್ಟರಾನ್, 1ಕ್ಕಿಂತ ಕಡಿಮೆ ಬಂತು. "ನಿಮಗೆ ಅಂಡವೇ ಬಿಡುಗಡೆ ಆಗ್ತಿಲ್ಲ" ಅಂದುಬಿಟ್ಟರು. ಎಷ್ಟು ದಿನಕ್ಕೆ ಮುಟ್ಟಾಗುತ್ತೀರಿ ಅಂತ ಅಲ್ಲಿ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಹೇಳಬೇಕು ಅಂತ ಗೊತ್ತಿರಲಿಲ್ಲ. ಆ ಆರು ತಿಂಗಳು ಹೇಗೆ ಕಳೆದೆನೋ. ಯಾರ ಮನೆಯ ಸೀಮಂತಕ್ಕೂ ಹೋಗಲಿಲ್ಲ.

ಈಗ ಬೇರೆ ಡಾಕ್ಟರ್ ನೋಡುತ್ತಿದ್ದಾರೆ. ಅವರು ಮೊದಲು ಕೇಳಿದ್ದೇ ಕ್ಯಾಲೆಂಡರ್. ನೋಡಿದವರೇ, "ಇವಳಿಗೆ 28ನೇ ದಿನ ರಕ್ತ ತೆಗೆಯಬೇಕಿತ್ತು" ಅಂದರು. ಮುಂದಿನ ತಿಂಗಳು 28ನೇ ದಿನ ಕೊಟ್ಟೆ. 11 ಬಂತು. 3 ದಾಟಿದರೆ ಅಂಡ ಬಂದು ಹೋಗಿದೆ ಅಂತ ಅರ್ಥವಂತೆ. ನನ್ನ ಅಂಡ ಸುಮಾರು 21ನೇ ದಿನಕ್ಕೆ ಹೊರಗೆ ಬರುತ್ತಿತ್ತು. ಕ್ಲಿನಿಕ್ಕಿನವರು ರಕ್ತ ತೆಗೆದಿದ್ದು ಅದೇ ದಿನ, ಪ್ರೊಜೆಸ್ಟರಾನ್ ಇನ್ನೂ ಏರುವ ಮೊದಲೇ. ನಮ್ಮವರು ಅಷ್ಟು ಹೊತ್ತಿಗೆ ರಜೆ ಮುಗಿಸಿ ಬೆಂಗಳೂರು ಸೇರಿ ಒಂದು ವಾರ ಆಗಿರುತ್ತಿತ್ತು.

ಅಂಡ ಬರುವ ದಿನವನ್ನು ಮುಂದಿನ ಮುಟ್ಟಿನಿಂದ ಹಿಂದಕ್ಕೆ 14 ಎಣಿಸಿ ಹುಡುಕಬೇಕು ಅಂತ ಡಾಕ್ಟರ್ ಹೇಳಿದರು. ಯಾಕೆ ಹಾಗೆ? ಮೊದಲ ದಿನದಿಂದ ಎಣಿಸಿದರೆ ಯಾಕೆ ತಪ್ಪುತ್ತದೆ? ತಿಳಿದವರು ಬಿಡಿಸಿ ಹೇಳುತ್ತೀರಾ? ನನ್ನ ಹಾಗೆ ಎಣಿಸುತ್ತಾ ಕೂತವರು ಇನ್ನೂ ಎಷ್ಟು ಜನ ಇದ್ದಾರೋ.

ಕರಿಹಲಗೆ

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ನಿಮ್ಮ ಬರಹ ಓದಿ ಸಂಕಟವಾಯಿತು. "14ನೇ ದಿನ" ಅಂತ ಹಲಗೆ ಮೇಲೆ ಬರೆದು ಮುಂದೆ ಹೋಗಿಬಿಡುವವರು ನಾವೇ. ಅದು 28 ದಿನದ ಚಕ್ರಕ್ಕೆ ಮಾತ್ರ ಅಂತ ಒತ್ತಿ ಹೇಳುವುದೇ ಇಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನವರೆಗೆ ಎರಡು ಭಾಗ ಇದೆ. ಅಂಡ ಹೊರಬರುವ ತನಕ ಒಂದು, ಆಮೇಲೆ ಒಂದು.

ಮೊದಲ ಭಾಗದಲ್ಲಿ ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಒಂದು ಹಾರ್ಮೋನನ್ನು ಬಿಟ್ಟು ಬಿಟ್ಟು, ತಾಳ ಹಾಕಿದ ಹಾಗೆ ಸುರಿಸುತ್ತದೆ. ಅದರ ಕೆಳಗೆ ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಅದು ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಎರಡು ಹಾರ್ಮೋನ್ ಕಳಿಸುತ್ತದೆ. ಎಫ್‌ಎಸ್‌ಎಚ್ ಬಂದಾಗ ಅಂಡಾಶಯದಲ್ಲಿ ಕೆಲವು ಕೋಶಕಗಳು, ಅಂದರೆ ಅಂಡ ಇರುವ ಪುಟ್ಟ ಗುಳ್ಳೆಗಳು, ಒಟ್ಟಿಗೆ ಬೆಳೆಯಲು ಶುರುಮಾಡುತ್ತವೆ. ಸಾಮಾನ್ಯವಾಗಿ ಅವುಗಳಲ್ಲಿ ಒಂದು ಮಾತ್ರ ಮುಂದೆ ಓಡುತ್ತದೆ, ಉಳಿದವು ಕರಗುತ್ತವೆ. ಬೆಳೆಯುವ ಗುಳ್ಳೆ ಈಸ್ಟ್ರೋಜನ್ ಮಾಡುತ್ತದೆ. ಆ ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತದೆ.

ಈಸ್ಟ್ರೋಜನ್ ಕಡಿಮೆ ಇರುವ ತನಕ ಅದು ಪಿಟ್ಯುಟರಿಯನ್ನು ಹಿಡಿದು ಕೂರಿಸುತ್ತದೆ. ಆದರೆ ಅದು ಮೇಲಕ್ಕೇರಿ ಸುಮಾರು ಎರಡು ದಿನ ಹಾಗೇ ನಿಂತರೆ ಆಟ ತಿರುಗುತ್ತದೆ. ಸಣ್ಣ ಉರಿಯಲ್ಲಿ ಹಾಲು ಇಟ್ಟಿದ್ದೀರಿ ಅಂದುಕೊಳ್ಳಿ. ಎಷ್ಟೋ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಲೇ ಉಕ್ಕುತ್ತದೆ. ಎಲ್‌ಎಚ್ ಹಾಗೇ ಉಕ್ಕುತ್ತದೆ. ಅದಾದ ಒಂದೂವರೆ ದಿನದಲ್ಲಿ ಗುಳ್ಳೆ ಒಡೆದು ಅಂಡ ಹೊರಗೆ ಬರುತ್ತದೆ.

ಹಾಲು ಎಷ್ಟು ಹೊತ್ತಿಗೆ ಉಕ್ಕುತ್ತದೆ ಅನ್ನುವುದು ಒಲೆ ಒಲೆಗೂ ಬೇರೆ, ಅಲ್ವಾ? ಒಬ್ಬರಿಗೆ 10 ದಿನ, ಒಬ್ಬರಿಗೆ 14, ನಿಮಗೆ 21. ಪರೀಕ್ಷೆಯ ಚಿಂತೆ, ಜ್ವರ, ದಿಢೀರ್ ತೂಕ ಇಳಿಯುವುದು, ಊರು ಬಿಟ್ಟು ಊರು ಹೋಗುವುದು, ಇವೆಲ್ಲ ತೊಂದರೆ ಕೊಡುವುದು ಮುಖ್ಯವಾಗಿ ಈ ಮೊದಲ ಭಾಗಕ್ಕೇ. "ಈ ಸಲ ಮುಟ್ಟು ತಡವಾಯಿತು" ಅನ್ನುತ್ತೇವೆ. ಸಾಮಾನ್ಯವಾಗಿ ತಡವಾಗಿರುವುದು ಅಂಡ, ಮುಟ್ಟು ಅದರ ಹಿಂದೆ ಬಂದಿದೆ ಅಷ್ಟೇ.

ಎರಡನೇ ಭಾಗದ ಕಥೆಯೇ ಬೇರೆ. ಒಡೆದ ಗುಳ್ಳೆ ಹಳದಿ ಬಣ್ಣದ ಪುಟ್ಟ ಗ್ರಂಥಿಯಾಗುತ್ತದೆ. ಕಾರ್ಪಸ್ ಲ್ಯೂಟಿಯಂ ಅಂತ ಅದರ ಹೆಸರು. ಪ್ರೊಜೆಸ್ಟರಾನ್ ತಯಾರಾಗುವುದು ಅಲ್ಲಿ. ಈ ಗ್ರಂಥಿಯ ಆಯಸ್ಸು ಹೆಚ್ಚುಕಡಿಮೆ ಎರಡು ವಾರ. ಗರ್ಭ ನಿಂತರೆ ಆ ಪುಟ್ಟ ಪಿಂಡವೇ ಎಚ್‌ಸಿಜಿ ಎಂಬ ಹಾರ್ಮೋನ್ ಕಳಿಸಿ ಅದನ್ನು ಉಳಿಸಿಕೊಳ್ಳುತ್ತದೆ. ಮನೆಯಲ್ಲಿ ಮೂತ್ರ ಹಾಕಿ ನೋಡುವ ಕಡ್ಡಿ ಹುಡುಕುವುದು ಇದೇ ಎಚ್‌ಸಿಜಿಯನ್ನು. ಗರ್ಭ ನಿಲ್ಲದಿದ್ದರೆ ಗ್ರಂಥಿ ಬಾಡುತ್ತದೆ, ಪ್ರೊಜೆಸ್ಟರಾನ್ ಕುಸಿಯುತ್ತದೆ, ಒಳಪದರ ಕಳಚುತ್ತದೆ. ಅದೇ ಮುಟ್ಟು.

ಹಾಗಾಗಿ ಹಿಂದಿನಿಂದ ಎಣಿಸಬೇಕು. 35ರಲ್ಲಿ 14 ಕಳೆಯಿರಿ, 21. ಇದನ್ನು ಮೊದಲು ಕಂಡುಕೊಂಡವರಲ್ಲಿ ಜಪಾನಿನ ಡಾಕ್ಟರ್ ಕ್ಯೂಸಾಕು ಒಗಿನೊ ಒಬ್ಬರು. 1924ರಲ್ಲಿ ಪ್ರಕಟಿಸಿದರು. ಶಸ್ತ್ರಚಿಕಿತ್ಸೆ ಮಾಡುವಾಗ ಹೆಂಗಸರ ಅಂಡಾಶಯವನ್ನು ಕಣ್ಣಾರೆ ನೋಡಿ, ಮುಟ್ಟಿನ ದಿನಗಳ ಜೊತೆ ತಾಳೆ ಹಾಕಿದರು. ಅಂಡ ಬರುವುದು ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು ಅಂದರು. ನೂರು ವರ್ಷ ದಾಟಿತು. ನಾವಿನ್ನೂ ಮುಂದಿನಿಂದಲೇ ಎಣಿಸುತ್ತಿದ್ದೇವೆ.

ತುಂಗಾತೀರ

ಕರಿಹಲಗೆ ಅವರೇ, ಒಂದು ಸಂಶಯ. ಹಿಂದಿನಿಂದ ಎಣಿಸುವುದು ಸರಿ. ಆದರೆ ಮುಂದಿನ ಮುಟ್ಟು ಯಾವತ್ತು ಅಂತ ಮೊದಲೇ ಗೊತ್ತಾಗುವುದು ಹೇಗೆ? ನನಗಂತೂ ಒಂದು ಸಲ 27, ಒಂದು ಸಲ 33.

ದಾದಿಯಮ್ಮ

ಒಳ್ಳೆ ಪ್ರಶ್ನೆ ತುಂಗಾತೀರ. ಎಣಿಕೆಯಿಂದ ಸಿಗುವುದು ಅಂದಾಜು. ನಿಮ್ಮ ಹಾಗೆ ಏರುಪೇರು ಇರುವವರು ಮೈ ಹೇಳುವುದನ್ನೇ ಗಮನಿಸಬೇಕು. ನಾನು ಹೆರಿಗೆ ವಾರ್ಡಿನಲ್ಲಿ 22 ವರ್ಷ ಕೆಲಸ ಮಾಡಿದ್ದೇನೆ. ಬಂದವರಿಗೆಲ್ಲ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ.

ಮುಟ್ಟು ಮುಗಿದ ಮೇಲೆ ಕೆಲವು ದಿನ ಒಣಗಿದ ಹಾಗಿರುತ್ತದೆ. ಆಮೇಲೆ ಸ್ವಲ್ಪ ಅಂಟಾದ ಬಿಳುಪು. ಅಂಡ ಬರುವ ಎರಡು ಮೂರು ದಿನ ಮೊದಲು ಅದು ತೆಳುವಾಗಿ, ತಿಳಿಯಾಗಿ, ಜಾರುವ ಲೋಳೆ ಆಗುತ್ತದೆ. ದಾಸವಾಳದ ಎಲೆ ಕಿವುಚಿದರೆ ಬರುತ್ತದಲ್ಲ, ಹಾಗೆ. ಬೆರಳಿನಲ್ಲಿ ಹಿಡಿದು ಎಳೆದರೆ ನೂಲಿನಂತೆ ಉದ್ದವಾಗುತ್ತದೆ. ಇದು ಈಸ್ಟ್ರೋಜನ್ ಏರಿದ ಗುರುತು. ಅಂಡ ಬಂದ ಮೇಲೆ ಪ್ರೊಜೆಸ್ಟರಾನ್ ಕೈ ಮೇಲಾಗಿ ಲೋಳೆ ಮತ್ತೆ ಗಟ್ಟಿಯಾಗುತ್ತದೆ.

ಎಷ್ಟೋ ಜನ ಇದನ್ನು ಕಾಯಿಲೆ ಅಂದುಕೊಂಡು ಹೆದರಿ ಬರುತ್ತಾರೆ. ವಾಸನೆ, ತುರಿಕೆ, ಉರಿ, ಬಣ್ಣ ಇಲ್ಲದಿದ್ದರೆ ಇದು ಕಾಯಿಲೆ ಅಲ್ಲ. ಇವುಗಳಲ್ಲಿ ಯಾವುದಾದರೂ ಇದ್ದರೆ ಮಾತ್ರ ತೋರಿಸಿ.

ಗರ್ಭ ನಿಲ್ಲುವ ದಿನಗಳು ಒಂದು ಚಕ್ರದಲ್ಲಿ ಸುಮಾರು ಆರು. ಅಂಡ ಬರುವ ದಿನ ಮತ್ತು ಅದಕ್ಕೂ ಮೊದಲಿನ ಐದು ದಿನ. ಅಂಡ ಬದುಕುವುದು ಹೆಚ್ಚೆಂದರೆ ಒಂದು ದಿನ, ವೀರ್ಯಾಣು ಐದು ದಿನದ ತನಕ ಬದುಕಬಹುದು. ಆದ್ದರಿಂದ ಮೊದಲೇ ಹೋಗಿ ಕಾಯುವುದು ವೀರ್ಯಾಣುವಿನ ಕೆಲಸ. ಸಂಪಿಗೆಮರ, ನಿಮ್ಮ ಲೆಕ್ಕದಲ್ಲಿ ಅದು 16ರಿಂದ 21. ಮನೆಯವರು 14ಕ್ಕೇ ಬಸ್ಸು ಹತ್ತುತ್ತಿದ್ದರಲ್ಲ, ಓದಿ ನನಗೆ ಕಣ್ಣು ತುಂಬಿ ಬಂತು.

ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಮೈಬಿಸಿ ನೋಡುವವರೂ ಇದ್ದಾರೆ. ಅಂಡ ಬಂದ ಮೇಲೆ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಆದರೆ ಅದು ಅಂಡ ಬಂದು ಹೋದ ಸುದ್ದಿ, ಬರುವ ಸುದ್ದಿ ಅಲ್ಲ. ಮೊದಲೇ ಬೇಕು ಅಂದರೆ ಔಷಧಿ ಅಂಗಡಿಯಲ್ಲಿ ಎಲ್‌ಎಚ್ ಕಡ್ಡಿ ಸಿಗುತ್ತದೆ. ಗೆರೆ ಗಾಢವಾಗಿ ಬಂದರೆ ಒಂದು ಒಂದೂವರೆ ದಿನದಲ್ಲಿ ಅಂಡ ಬರುತ್ತದೆ ಅಂತ. ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಬರದ ತೊಂದರೆ, ಪಿಸಿಓಡಿ ಅಂತಲೂ ಅನ್ನುತ್ತಾರೆ) ಇರುವವರಿಗೆ ಮಾತ್ರ ಈ ಕಡ್ಡಿ ಕೆಲವೊಮ್ಮೆ ಸುಳ್ಳು ಹೇಳುತ್ತದೆ.

ಎರಡು ಜಡೆ ಅಪ್ಪ

ನಾನು ಗಂಡಸು. ಇಲ್ಲಿ ಬರೆಯಬಹುದಾ? ಹೆಂಡತಿ ತೀರಿಕೊಂಡು ಮೂರು ವರ್ಷ ಆಯಿತು. ಮಗಳಿಗೆ 13. ಹೋದ ವರ್ಷ ಮೈನೆರೆದಳು. ಊರಲ್ಲಿ ಅತ್ತಿಗೆ ಆರತಿ ಮಾಡಿದರು, ಕೊಬ್ಬರಿ ಬೆಲ್ಲ ತಿನ್ನಿಸಿದರು. ಆದರೆ ಇದು ಏನು, ಯಾಕೆ ಬರುತ್ತೆ ಅಂತ ಯಾರೂ ಅವಳಿಗೆ ಹೇಳಲಿಲ್ಲ. ಈಗ ಎರಡು ತಿಂಗಳಾದರೂ ಬರುವುದಿಲ್ಲ, ಬಂದರೆ ವಾರ. ಪಕ್ಕದ ಮನೆಯವರು ಪಿಸಿಓಡಿ ಇರಬೇಕು, ಸ್ಕ್ಯಾನ್ ಮಾಡಿಸಿ ಅನ್ನುತ್ತಿದ್ದಾರೆ. ನಿದ್ದೆ ಬರುತ್ತಿಲ್ಲ.

ದಾದಿಯಮ್ಮ

ಖಂಡಿತ ಬರೆಯಿರಿ ಅಣ್ಣ. ನಿಮ್ಮಂಥ ಅಪ್ಪಂದಿರು ಕೇಳಬೇಕು.

ಮೊದಲ ಎರಡು ಮೂರು ವರ್ಷ ಹೀಗೇ ಇರುತ್ತದೆ. ಮಿದುಳು ಮತ್ತು ಅಂಡಾಶಯದ ನಡುವಿನ ಮಾತುಕತೆ ಇನ್ನೂ ಕುದುರಿರುವುದಿಲ್ಲ. ಎಷ್ಟೋ ತಿಂಗಳು ಅಂಡ ಬರುವುದೇ ಇಲ್ಲ. ಈಸ್ಟ್ರೋಜನ್ ಒಂದೇ ಒಳಪದರವನ್ನು ಬೆಳೆಸುತ್ತಾ ಹೋಗುತ್ತದೆ, ಪ್ರೊಜೆಸ್ಟರಾನ್ ಇಲ್ಲದೆ ಅದಕ್ಕೆ ಹಿಡಿತ ಸಿಗುವುದಿಲ್ಲ. ಆಮೇಲೆ ಯಾವಾಗಲೋ ಕಳಚುತ್ತದೆ. ಈ ವಯಸ್ಸಿನಲ್ಲಿ 21ರಿಂದ 45 ದಿನದ ಅಂತರ ಸಹಜ. ಒಮ್ಮೊಮ್ಮೆ ಇನ್ನೂ ಜಾಸ್ತಿ ಆಗಬಹುದು.

ಡಾಕ್ಟರ್ ಹತ್ತಿರ ಹೋಗಬೇಕಾದ ಗುರುತು ಹೇಳುತ್ತೇನೆ. ಮೂರು ತಿಂಗಳಾದರೂ ಬರದಿದ್ದರೆ. ಏಳೆಂಟು ದಿನ ದಾಟಿಯೂ ನಿಲ್ಲದಿದ್ದರೆ. ಗಂಟೆಗೊಂದು ಪ್ಯಾಡ್ ಒದ್ದೆಯಾಗುವಷ್ಟು ಹೋದರೆ. ಅವಳು ಬಿಳಿಚಿಕೊಂಡು ಸುಸ್ತಾಗುತ್ತಿದ್ದರೆ ರಕ್ತ ಕಡಿಮೆ ಇದೆಯಾ ಅಂತ ನೋಡಿಸಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ಬಿಡದೆ ತೆಗೆದುಕೊಳ್ಳಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಇದೆ. ಅಲ್ಲಿ ಸಮಾಧಾನವಾಗಿ ಕೂತು ಕೇಳಬಹುದು.

ಸ್ಕ್ಯಾನ್ ಬಗ್ಗೆ ಅವಸರ ಬೇಡ. ಈ ವಯಸ್ಸಿನ ಅಂಡಾಶಯದಲ್ಲಿ ಗುಳ್ಳೆ ಜಾಸ್ತಿ ಕಾಣುವುದು ಸಹಜ. ಮೈನೆರೆದು ಎಂಟು ವರ್ಷ ಆಗುವ ತನಕ ಬರೀ ಸ್ಕ್ಯಾನ್ ನೋಡಿ ಪಿಸಿಓಎಸ್ ಅನ್ನಬಾರದು ಅಂತ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ. ಆ ಗುಳ್ಳೆಗಳು ಗಂಟೂ ಅಲ್ಲ, ಗಡ್ಡೆಯೂ ಅಲ್ಲ. ಕರಿಹಲಗೆ ಅವರು ಹೇಳಿದ ಪುಟ್ಟ ಕೋಶಕಗಳು, ಅರ್ಧ ಬೆಳೆದು ನಿಂತಂಥವು.

ಎರಡು ಜಡೆ ಅಪ್ಪ

ತುಂಬಾ ಉಪಕಾರ ಆಯಿತು. ಇನ್ನೊಂದು. ಅವಳಿಗೆ ನಾನೇ ಹೇಳಿಕೊಡಬೇಕು ಅಂತಿದ್ದೇನೆ. ಯಾವ ಪದ ಬಳಸಲಿ? ನನಗೇ ನಾಲಿಗೆ ಹೊರಳುವುದಿಲ್ಲ.

ದಾದಿಯಮ್ಮ

ನಮ್ಮಲ್ಲಿ ಹೆಂಗಸರೇ ಇಡೀ ಜಾಗಕ್ಕೆ ಒಂದೇ ಹೆಸರು ಇಟ್ಟುಕೊಂಡಿದ್ದಾರೆ, "ಕೆಳಗಡೆ" ಅಂತ. ನೋವು ಎಲ್ಲಿ ಅಂದರೆ ಕೆಳಗಡೆ, ಉರಿ ಎಲ್ಲಿ ಅಂದರೆ ಕೆಳಗಡೆ. ಮೂತ್ರದ ದಾರಿಯೋ, ಯೋನಿಯೋ, ಗರ್ಭಕೋಶವೋ ಅಂತ ನಾವು ಊಹಿಸಬೇಕು. ಹೆಸರು ಗೊತ್ತಿಲ್ಲದೆ ಕಾಯಿಲೆ ಮುಚ್ಚಿಟ್ಟು ನರಳಿದವರನ್ನು ನೋಡಿದ್ದೇನೆ. ಹಾಗಾಗಿ ಹೆಸರು ಹೇಳಿಯೇ ಕಲಿಸಿ. ಮೊದಲ ಸಲ ಕಷ್ಟ, ಮೂರನೇ ಸಲಕ್ಕೆ ಮೂಗು, ಮೊಣಕಾಲು ಅಂದ ಹಾಗೇ ಬರುತ್ತದೆ.

ಹೊರಗಡೆ ಮೂರು ದ್ವಾರ ಇದೆ. ಮುಂದೆ ಮೂತ್ರದ್ದು, ತೀರಾ ಸಣ್ಣದು. ಮಧ್ಯದಲ್ಲಿ ಯೋನಿಯದು. ಹಿಂದೆ ಮಲದ್ದು. ಮೂತ್ರ ಮತ್ತು ಮುಟ್ಟು ಒಂದೇ ದಾರಿಯಲ್ಲಿ ಬರುತ್ತದೆ ಅಂತ ಮೂರು ಮಕ್ಕಳ ತಾಯಂದಿರೂ ನನ್ನ ಹತ್ತಿರ ಹೇಳಿದ್ದಾರೆ. ಮುಟ್ಟಿನ ಕಪ್ ಇಟ್ಟುಕೊಂಡರೆ ಮೂತ್ರ ಹೇಗೆ ಮಾಡುವುದು ಅಂತ ಕೇಳುತ್ತಾರೆ. ದಾರಿ ಬೇರೆ, ತೊಂದರೆ ಇಲ್ಲ.

ಕಪ್ ಒಳಗೆ ಹೋಗಿ ಹೊಟ್ಟೆ ಸೇರುತ್ತಾ ಅಂತಲೂ ಕೇಳುತ್ತಾರೆ. ಸೇರುವುದಿಲ್ಲ. ಯೋನಿ ಏಳೆಂಟು ಸೆಂಟಿಮೀಟರಿನ ದಾರಿ, ತುದಿಯಲ್ಲಿ ಗರ್ಭಕಂಠ ಇದೆ. ಮುಟ್ಟಿದರೆ ಮೂಗಿನ ತುದಿಯಂತೆ ಗಟ್ಟಿ. ಅದರ ತೂತು ಮುಟ್ಟಿನ ರಕ್ತ ಇಳಿಯುವಷ್ಟು ಮಾತ್ರ. ಅದೇ ಬಾಯಿ ಹೆರಿಗೆಯಲ್ಲಿ 10 ಸೆಂಟಿಮೀಟರ್ ಅಗಲವಾಗುತ್ತದೆ. ಇಷ್ಟು ವರ್ಷ ನೋಡಿದರೂ ನನಗೆ ಅದು ಪ್ರತಿ ಸಲ ಬೆರಗೇ.

ಗರ್ಭಕಂಠದ ಮೇಲೆ ಗರ್ಭಕೋಶ. ತಲೆಕೆಳಗೆ ಹಿಡಿದ ಸೀಬೆಹಣ್ಣು ಅಂದುಕೊಳ್ಳಿ, ಉದ್ದ ಏಳೆಂಟು ಸೆಂಟಿಮೀಟರ್. ಮೇಲಿನ ಎರಡು ಮೂಲೆಯಿಂದ ಎರಡು ಅಂಡನಾಳ ಹೊರಡುತ್ತವೆ. ಒಂದೊಂದೂ ಸುಮಾರು 10 ಸೆಂಟಿಮೀಟರ್. ತುದಿಯಲ್ಲಿ ಸೀರೆ ಸೆರಗಿಗೆ ಕುಚ್ಚು ಕಟ್ಟಿದ ಹಾಗೆ ಎಳೆ ಎಳೆ. ಅದರ ಪಕ್ಕದಲ್ಲಿ ಬಾದಾಮಿ ಆಕಾರದ ಅಂಡಾಶಯ. ನಾಳ ಅಂಡಾಶಯಕ್ಕೆ ಪೈಪಿನಂತೆ ಜೋಡಿಸಿಲ್ಲ. ಅಂಡ ಹೊರಗೆ ಬಂದಾಗ ಆ ಕುಚ್ಚು ಅದನ್ನು ಬಾಚಿ ಒಳಗೆ ಎಳೆದುಕೊಳ್ಳುತ್ತದೆ. ವೀರ್ಯಾಣು ಅಂಡವನ್ನು ಸೇರುವುದೂ ನಾಳದಲ್ಲೇ.

ಒಂದು ಕಾಗದದಲ್ಲಿ ಇಷ್ಟು ಬಿಡಿಸಿ ಕೊಡಿ. ಅವಳೇ ಬಣ್ಣ ತುಂಬಲಿ.

ತುಂಗಾತೀರ

ಇದನ್ನೂ ಕೇಳಿಬಿಡುತ್ತೇನೆ. ಮುಂದಿನ ತಿಂಗಳು ತಮ್ಮನ ಗೃಹಪ್ರವೇಶ. ಡೇಟ್ ಅದೇ ದಿನಕ್ಕೆ ಬರುತ್ತದೆ. ಅಮ್ಮ ಮುಂದೂಡುವ ಮಾತ್ರೆ ತಗೋ ಅನ್ನುತ್ತಾಳೆ. ಅತ್ತೆ ಬೇಡ, ಕೆಟ್ಟ ರಕ್ತ ಒಳಗೇ ನಿಂತುಬಿಡುತ್ತದೆ ಅನ್ನುತ್ತಾರೆ. ಯಾರ ಮಾತು ಸರಿ?

ಗುಳಿಗೆ ಡಬ್ಬಿ

ನಾನು ಔಷಧಿ ಅಂಗಡಿ ನಡೆಸುತ್ತೇನೆ. ಗೌರಿ ಹಬ್ಬ, ವರಮಹಾಲಕ್ಷ್ಮಿ, ಮದುವೆ ಸೀಸನ್ ಬಂದರೆ ಜನ ಈ ಮಾತ್ರೆ ಕೇಳಿಕೊಂಡು ಬರುತ್ತಾರೆ. ಚೀಟಿ ಇಲ್ಲದೆ ಕೊಡುವುದಿಲ್ಲ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಕಾರಣ ಹೇಳುತ್ತೇನೆ.

ಆ ಮಾತ್ರೆಯ ಹೆಸರು ನಾರೆಥಿಸ್ಟರಾನ್. ಪ್ರೊಜೆಸ್ಟರಾನ್ ಮಾಡುವ ಕೆಲಸವನ್ನೇ ಮಾಡುವ ಔಷಧಿ. ಮೇಲೆ ಕರಿಹಲಗೆ ಅವರು ಹೇಳಿದ್ದು ನೆನಪಿದೆಯಲ್ಲ, ಪ್ರೊಜೆಸ್ಟರಾನ್ ಕುಸಿದರೆ ಒಳಪದರ ಕಳಚುತ್ತದೆ. ಮಾತ್ರೆ ಆ ಕುಸಿತ ಆಗದ ಹಾಗೆ ಹಿಡಿದುಕೊಳ್ಳುತ್ತದೆ. ಪದರ ತನ್ನ ಜಾಗದಲ್ಲೇ ಇರುತ್ತದೆ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ. ಅಂದಮೇಲೆ ಕೆಟ್ಟ ರಕ್ತ ಎಲ್ಲಿ ನಿಲ್ಲುತ್ತದೆ? ಇನ್ನೂ ಕಳಚಿಯೇ ಇಲ್ಲ. ಅಷ್ಟಕ್ಕೂ ಕೆಟ್ಟ ರಕ್ತ ಅನ್ನುವುದೇ ಇಲ್ಲ. ಬರುವುದು ಒಳಪದರ ಮತ್ತು ನಮ್ಮ ಮೈಯದೇ ರಕ್ತ. ಒಂದು ಸಲಕ್ಕೆ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್, ಎರಡು ಮೂರು ದೊಡ್ಡ ಚಮಚದಷ್ಟು. 80 ದಾಟಿದರೆ ಜಾಸ್ತಿ ಅನ್ನುತ್ತಾರೆ.

ಆದರೆ ಇದು ಎಲ್ಲರಿಗೂ ಆಗುವ ಮಾತ್ರೆ ಅಲ್ಲ. ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಲಿವರ್ ತೊಂದರೆ ಇರುವವರು ತೆಗೆದುಕೊಳ್ಳಬಾರದು. ಮುಟ್ಟಿಗೆ ಮೂರು ದಿನ ಮೊದಲೇ ಶುರುಮಾಡಬೇಕು, ಹಬ್ಬದ ಹಿಂದಿನ ರಾತ್ರಿ ಓಡಿ ಬಂದರೆ ಪ್ರಯೋಜನ ಇಲ್ಲ. ಹೀಗೆ ತೆಗೆದುಕೊಂಡರೆ ಗರ್ಭ ನಿಲ್ಲುವುದನ್ನು ತಡೆಯುತ್ತದೆ ಅಂತಲೂ ನಂಬಬೇಡಿ. ಒಮ್ಮೆ ಡಾಕ್ಟರಿಗೆ ತೋರಿಸಿ. ತಿಂಗಳು ತಿಂಗಳು ಹಬ್ಬಕ್ಕೆ ಅಂತ ನುಂಗುವವರನ್ನು ಕಂಡರೆ ನನಗೆ ಭಯ.

ಕರಿಹಲಗೆ

ತುಂಗಾತೀರ, ಇದು ನನ್ನ ಅಭಿಪ್ರಾಯ ಅಷ್ಟೇ. ತಮ್ಮನ ಹತ್ತಿರ ಒಂದು ಮಾತು ಕೇಳಿ ನೋಡಿ. ನನ್ನ ತಂಗಿ ನಮ್ಮ ಗೃಹಪ್ರವೇಶದ ದಿನ ಮುಟ್ಟಾಗಿದ್ದಳು. ಹಾಲು ಉಕ್ಕಿಸಿದ್ದು ಅವಳೇ.

ನಲವತ್ತೆಂಟು

ಎಲ್ಲರೂ 35 ದಿನದ ಮಾತಾಡುತ್ತಿದ್ದೀರಿ. ನನಗೆ ಈಚೆಗೆ 23, 24 ದಿನಕ್ಕೇ ಬರುತ್ತಿದೆ. ಮೊದಲು 29 ಇತ್ತು. ಜೊತೆಗೆ ರಾತ್ರಿ ಮೈ ಬೆವರು. ಇದೂ ಆ ಮೊದಲ ಭಾಗದ್ದೇ ಕಥೆಯಾ?

ಕರಿಹಲಗೆ

ಹೌದು ಅಕ್ಕ, ಅದೇ ಕಥೆ. ಹೆಣ್ಣುಮಗು ಹುಟ್ಟುವಾಗಲೇ ಅಂಡಾಶಯದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡ ಇರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ. ಜೀವಮಾನದಲ್ಲಿ ಹೊರಗೆ ಬರುವುದು ನಾನೂರು ಐನೂರು ಮಾತ್ರ, ಉಳಿದವು ತಾವೇ ಕರಗುತ್ತವೆ. ನಲವತ್ತರ ನಂತರ ದಾಸ್ತಾನು ಕಡಿಮೆಯಾದಾಗ ಪಿಟ್ಯುಟರಿ ಎಫ್‌ಎಸ್‌ಎಚ್ ಜಾಸ್ತಿ ಸುರಿಸುತ್ತದೆ. ಗುಳ್ಳೆ ಬೇಗ ಬೆಳೆಯುತ್ತದೆ, ಅಂಡ 10ನೇ ದಿನಕ್ಕೇ ಬರಬಹುದು. ಮೊದಲ ಭಾಗ ಗಿಡ್ಡವಾಗುತ್ತದೆ. ಮುಂದೆ ತಿಂಗಳುಗಳು ತಪ್ಪಲು ಶುರುವಾಗುತ್ತವೆ. ಪೂರ್ತಿ 12 ತಿಂಗಳು ಬರದಿದ್ದರೆ ಮುಟ್ಟು ನಿಂತಿತು ಅಂತ ಲೆಕ್ಕ.

ದಾದಿಯಮ್ಮ

ನಿಂತ ಮೇಲೆ ಒಂದು ಹನಿ ಕಂಡರೂ ತೋರಿಸಬೇಕು, ಇದನ್ನು ಮರೆಯಬೇಡಿ ಅಕ್ಕ. ರಾತ್ರಿ ಬೆವರಿಗೂ ಚಿಕಿತ್ಸೆ ಇದೆ, ಸುಮ್ನೆ ಸಹಿಸಿಕೊಳ್ಳಬೇಡಿ.

ಎರಡು ಜಡೆ ಅಪ್ಪ

ನಿನ್ನೆ ರಾತ್ರಿ ಚಿತ್ರ ಬಿಡಿಸಿ ಹೇಳಿದೆ. ಧ್ವನಿ ನಡುಗಿತು, ಆದರೂ ಎಲ್ಲ ಹೆಸರು ಹೇಳಿದೆ. ಕುಚ್ಚಿಗೆ ಅವಳು ನೇರಳೆ ಬಣ್ಣ ಹಾಕಿದಳು. ಅವರ ಅಮ್ಮನ ಒಂದು ಸೀರೆಗೆ ಅದೇ ಬಣ್ಣದ ಕುಚ್ಚು ಇತ್ತು. ಆಮೇಲೆ ಒಂದು ಪ್ರಶ್ನೆ ಕೇಳಿದಳು, ನನಗೆ ಉತ್ತರ ಗೊತ್ತಾಗಲಿಲ್ಲ. "ಅಪ್ಪ, ಈ ತಿಂಗಳು ಎಡಗಡೆ ಅಂಡ ಬಂದರೆ ಮುಂದಿನ ತಿಂಗಳು ಬಲಗಡೆದಾ?"

ದಾದಿಯಮ್ಮ

ಎಂಥ ಜಾಣೆ! ಸರದಿ ಇಲ್ಲ ಅಂತ ಹೇಳಿ. ಯಾವ ಕಡೆಯ ಗುಳ್ಳೆ ಮುಂದೆ ಓಡಿತೋ ಆ ಕಡೆಯಿಂದ. ಎರಡು ಮೂರು ತಿಂಗಳು ಒಂದೇ ಕಡೆಯಿಂದಲೂ ಬರಬಹುದು. ಕೆಲವೊಮ್ಮೆ ಎಡ ಅಂಡಾಶಯದ ಅಂಡವನ್ನು ಬಲಗಡೆಯ ಕುಚ್ಚು ಬಾಚಿಕೊಳ್ಳುವುದೂ ಉಂಟು. ಒಂದು ನಾಳ ತೆಗೆಸಿದವರಿಗೂ ಮಕ್ಕಳಾಗಿದ್ದನ್ನು ನಾನೇ ನೋಡಿದ್ದೇನೆ.

ಸಂಪಿಗೆಮರ

ಎಲ್ಲವನ್ನೂ ಎರಡು ಸಲ ಓದಿದೆ. ಮನೆಯವರಿಗೂ ಕಳಿಸಿದೆ. ಅವರೂ ಓದಿ ಫೋನ್ ಮಾಡಿದರು, ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಕ್ಯಾಲೆಂಡರಿನಲ್ಲಿ ಈಗ ಚುಕ್ಕಿಯ ಜೊತೆ ಲೋಳೆ ಶುರುವಾದ ದಿನಕ್ಕೆ ಒಂದು ಸಣ್ಣ ಗೆರೆ ಹಾಕುತ್ತಿದ್ದೇನೆ. ಇವತ್ತು ನನಗೆ 17ನೇ ದಿನ. ಬೆಳಿಗ್ಗೆ ಮೊದಲ ಗೆರೆ ಹಾಕಿದೆ. ಇವರು ಈ ತಿಂಗಳ ರಜೆಯನ್ನು ಮುಂದಕ್ಕೆ ಹಾಕಿಕೊಂಡಿದ್ದಾರೆ. ರಾತ್ರಿ ಬಸ್ಸಿಗೆ ಸೀಟು ಸಿಕ್ಕಿದೆ, ಬೆಳಗಿನ ಜಾವ ಶಿರಸಿ ಸೇರುತ್ತಾರೆ.